ವಯಸ್ಸಿನ ಪಟ್ಟಿಯೂ ಜೂನ್ ಒಂದರ ಮಕ್ಕಳೂ

ಆಗಸ್ಟ್ 12, ಮಂಗಳವಾರ, ಬೆಳಿಗ್ಗೆ 10.20. ನಾನು ಕೆಲಸ ಮಾಡುವ ಹಿರಿಯೂರಿನ ಲ್ಯಾಬಿಗೆ ಆದಿವಾಲದ ರೈತರೊಬ್ಬರು ಹೆಂಡತಿ, ಮಗಳೊಂದಿಗೆ ಹಿಂದಿನ ದಿನದ ರಿಪೋರ್ಟ್ ಹಿಡಿದು ಬಂದರು. ಮಗಳ ರಕ್ತದಲ್ಲಿನ ಎಎಲ್‌ಪಿ ಎಂಬ ಕಿಣ್ವದ ಎದುರು ದಪ್ಪಕ್ಷರದಲ್ಲಿ ‘ಹೈ’ ಎಂದಿತ್ತು.

“ಏನಪ್ಪ, ಲಿವರ್ ಕೆಟ್ಟೈತಾ? ದಾವಣಗೆರೆ ದೊಡ್ಡಾಸ್ಪತ್ರೆಗೆ ಹೋಗಾಣ ಅಂತ ಕಾರು ಹೇಳೀನಿ,” ಎಂದರು ತಂದೆ.

“ಕುಂತ್ಕಳ್ರಿ,” ಎಂದೆ.

ಎಎಲ್‌ಪಿ ಲಿವರ್‌ನಿಂದಷ್ಟೇ ಅಲ್ಲ, ಬೆಳೆಯುವ ಮೂಳೆಯಿಂದಲೂ ರಕ್ತಕ್ಕೆ ಬರುತ್ತದೆ. ಹಾಗಾಗಿ ಮಕ್ಕಳಲ್ಲಿ ಹೆಚ್ಚು. ನಮ್ಮ ಕಂಪ್ಯೂಟರ್ ಮಾತ್ರ ಎಲ್ಲರಿಗೂ ದೊಡ್ಡವರ ಮಿತಿಯನ್ನೇ ಮುದ್ರಿಸುತ್ತದೆ. ಅದಕ್ಕೇ ಎರಡು ವರ್ಷದಿಂದ ನಾನೊಂದು ನೋಟ್‌ಬುಕ್ ಇಟ್ಟಿದ್ದೇನೆ. ಲಿವರ್, ಮೂಳೆಯ ತೊಂದರೆ ಇಲ್ಲದ ಹುಡುಗಿಯರು 143, ಹುಡುಗರು 169. ಹೆಸರಿಲ್ಲ, ಲ್ಯಾಬ್ ರಿಜಿಸ್ಟರಿನ ಕ್ರಮಸಂಖ್ಯೆ, ಹುಟ್ಟಿದ ದಿನ ಮಾತ್ರ. ಗ್ರಾಫ್ ಹಾಳೆಯಲ್ಲಿ ಅಡ್ಡಕ್ಕೆ ವಯಸ್ಸು, ಮೇಲಕ್ಕೆ ಎಎಲ್‌ಪಿ, ಮಗುವಿಗೊಂದು ಚುಕ್ಕಿ. ನೂರಕ್ಕೆ ತೊಂಬತ್ತೈದು ಚುಕ್ಕಿಗಳು ನಡುವೆ ಉಳಿಯುವಂತೆ ಎರಡು ಗೆರೆ. ಹರೆಯದ ಹೊತ್ತಿಗೆ ಗೆರೆಗಳು ಏರಿ, ಆಮೇಲೆ ಬೇಗ ಇಳಿಯುತ್ತವೆ.

ಆಧಾರ್ ಪ್ರಕಾರ ಹುಡುಗಿಗೆ ಹದಿನೈದು. ಅವಳ ಚುಕ್ಕಿ ಮೇಲಿನ ಗೆರೆಯಾಚೆ ಬಿತ್ತು. ತಂದೆ ಬೇಗ ಬಾ ಎಂದು ಕಾರಿನವನಿಗೆ ಫೋನ್ ಮಾಡಲು ಹೊರಟರು. ಆಗ ಹುಟ್ಟಿದ ದಿನ ಕಣ್ಣಿಗೆ ಬಿತ್ತು: ಜೂನ್ ಒಂದು, ಶಾಲೆಗೆ ಸೇರಿಸುವಾಗ ಅಂದಾಜಿಗೆ ಬರೆಸುವ ದಿನ.

“ನಿಜವಾಗ್ಲೂ ಜೂನ್ ಒಂದಾ?” ಎಂದೆ.

“ಎಲ್ಲಿ ಜೂನು!” ಎಂದರು ತಾಯಿ. “ಸಂಕ್ರಾಂತಿ ಆದ ವಾರಕ್ಕೆ ಹುಟ್ಟಿದ್ದು. ದೊಡ್ಡಪ್ಪನ ಮಗ್ಳ ಜೊತೇಲೇ ಸ್ಕೂಲಿಗೆ ಹೋಗ್ಲಿ ಅಂತ ಒಂದೂವರೆ ವರ್ಷ ಏರ್ಸಿ ಬರ್ಸಿದ್ದು ಈ ಬುದ್ಧಿವಂತ್ರೇ.”

“ಲೇ, ಮೇಷ್ಟ್ರು ಬರ್ಕಂಡಿದ್ದು ಕಣೇ.”

“ಮೇಷ್ಟ್ರೇನು ಹೆರಿಗೆಗೆ ಬಂದಿದ್ರಾ?”

ಬಸುರಿಯರಿಗೆ ಆಸ್ಪತ್ರೆಯವರು ಕೊಡುವ ‘ತಾಯಿ ಕಾರ್ಡ್’ನ ಫೋಟೊವನ್ನು ಮನೆಯಿಂದ ಮೊಬೈಲಿಗೆ ತರಿಸಿದೆವು. ಹೆರಿಗೆಯ ದಿನ ಅದರಲ್ಲಿತ್ತು. ಹುಡುಗಿಗೆ ಸುಮಾರು ಹದಿಮೂರು ವರ್ಷ ಏಳು ತಿಂಗಳು. ಚುಕ್ಕಿಯನ್ನು ಎಡಕ್ಕೆ ಸರಿಸಿದಾಗ ಅದು ಎರಡು ಗೆರೆಗಳ ನಡುವೆಯೇ ಕುಳಿತಿತು.

ತೀರ್ಮಾನ ನನ್ನದಲ್ಲ. ಈ ರಕ್ತಪರೀಕ್ಷೆಗೆ ಚೀಟಿ ಬರೆದುಕೊಟ್ಟಿದ್ದ ಡಾಕ್ಟರ ಬಳಿಗೆ ಮೂವರನ್ನೂ ಕರೆದುಕೊಂಡು ಹಾಳೆ ಒಯ್ದೆ. ಅವರು ಲಿವರ್‌ನ ಉಳಿದ ಅಂಕಿಗಳನ್ನು ನೋಡಿದರು, ಹುಡುಗಿಯ ಹೊಟ್ಟೆ ಮುಟ್ಟಿ ನೋಡಿದರು. “ಬೆಳೀತಿರೋ ಮೂಳೆ ಕಣ್ರಿ. ದಾವಣಗೆರೆ ಬ್ಯಾಡ. ಮೂರು ತಿಂಗ್ಳು ಬಿಟ್ಟು ಇನ್ನೊಂದ್ಸಲ ನೋಡಾಣ,” ಎಂದರು. ತಂದೆ ಅಲ್ಲೇ ನಿಂತು ಫೋನಿನಲ್ಲಿ ಕಾರು ಬೇಡವೆಂದು ಹೇಳಿದರು.

ಮಧ್ಯಾಹ್ನ ನೋಟ್‌ಬುಕ್ ಮೊದಲಿನಿಂದ ಎಣಿಸಿದೆ. ಜೂನ್ ಒಂದರಂದು ಹುಟ್ಟಿದವರು 58! ಎಲ್ಲರನ್ನೂ ಬೇರೆ ಹಾಳೆಗೆ ಹಾಕಿದೆ. ರಿಜಿಸ್ಟರ್ ನೋಡಿ ಅವರ ಮನೆಗಳಿಗೆ ಫೋನ್ ಮಾಡಿದೆ. ತಾಯಿ ಕಾರ್ಡ್ ತೋರಿಸಿ ಇದುವರೆಗೆ 23 ಮಂದಿ ಸರಿಯಾದ ವಯಸ್ಸಿಗೆ ಮರಳಿದ್ದಾರೆ. ಗೆರೆಗಳು ಈಗ ಮೊದಲಿಗಿಂತ ನಂಬಿಕೆಗೆ ಅರ್ಹ.

ಹದಿನೈದು ದಾಟಿದ ಹುಡುಗಿಯರು ಮಾತ್ರ ಒಂಬತ್ತೇ ಮಂದಿ ಉಳಿದಿದ್ದಾರೆ. ಅಲ್ಲಿ ಒಂದು ಚುಕ್ಕಿ ಅಲುಗಿದರೆ ಗೆರೆಯೇ ಅಲುಗುತ್ತದೆ. ಅಕ್ಕಪಕ್ಕದ ವಯಸ್ಸಿನವರ ಆಧಾರದಿಂದ ಅದನ್ನು ಭದ್ರವಾಗಿ ಎಳೆಯುವ ಲೆಕ್ಕ ಬಲ್ಲವರು ದಯವಿಟ್ಟು ನನಗೆ ಬರೆದು ತಿಳಿಸಿ.