ಬೀದಿಗೆಲ್ಲ ಒಂದೇ ವಿಳಾಸ

ಎಲ್ಲರೂ ಆಕೆಯನ್ನು ದೊಡ್ಡಮ್ಮ ಎಂದೇ ಕರೆಯುತ್ತಿದ್ದರು. ಗಂಡ ತೀರಿಕೊಂಡ ಮೇಲೆ ಮಹಡಿಯ ಕೋಣೆಗಳನ್ನು ಬಾಡಿಗೆಗೆ ಕೊಟ್ಟು, ಬಂದವರಿಗೆ ಅಡುಗೆಯನ್ನೂ ಮಾಡಿ ಹಾಕುತ್ತಿದ್ದರು. ಕೊನೆಗೆ ಬಂದವನು ಒಬ್ಬ ಬಡಗಿ. ಹೊಡೆದಾಟವೊಂದರಲ್ಲಿ ಜೈಲು ಕಂಡವನೆಂದು ಮೊದಲ ದಿನವೇ ತಾನಾಗಿ ಹೇಳಿದ್ದ.

“ಹೇಳಿದ್ಯಲ್ಲ, ಸಾಕು ಬಿಡು. ಕೈಕಾಲು ತೊಳ್ಕೊಂಡು ಊಟಕ್ಕೆ ಬಾ” ಎಂದಿದ್ದರು ದೊಡ್ಡಮ್ಮ.

ಒಂದು ಬೆಳಿಗ್ಗೆ ಪೊಲೀಸರು ಬಂದರು. ಯಾರೋ ಟೀಚರಮ್ಮ ಒಬ್ಬರಿಗೆ ಕೊಲೆ ಬೆದರಿಕೆ ಕಳಿಸಿದ್ದರು. ಸಂದೇಶ ಹೊರಟ ಇಂಟರ್‌ನೆಟ್ ವಿಳಾಸ ಯಾರದೆಂದು ಕೇಳಿದಾಗ ಇಂಟರ್‌ನೆಟ್ ಕೊಡುವ ಕಂಪನಿಯವರು ಈ ಮನೆ ತೋರಿಸಿದ್ದರು. ಎಲ್ಲರ ಕಣ್ಣೂ ಬಡಗಿಯ ಮೇಲೆ ಬಿತ್ತು.

“ಬೆಂಕಿ ಇಲ್ದೆ ಹೊಗೆ ಆಡುತ್ತಾ? ಇವತ್ತೇ ಅವನನ್ನ ಖಾಲಿ ಮಾಡ್ಸಿ” ಎಂದ ಎದುರು ಕೋಣೆಯ ಗುಮಾಸ್ತ.

ಬಡಗಿ ಆಗಲೇ ಉಳಿ, ಕೊಡತಿಗಳನ್ನು ಚೀಲಕ್ಕೆ ತುಂಬುತ್ತಿದ್ದ.

“ನೀನು ಮಾಡಿದ್ಯಾ?” ಎಂದು ಕೇಳಿದರು ದೊಡ್ಡಮ್ಮ.

“ಇಲ್ಲ ದೊಡ್ಡಮ್ಮ.”

“ಹಾಗಾದ್ರೆ ಚೀಲ ಕೆಳಗಿಡು.”

ಬಾಯಲ್ಲಿ ಹಾಗೆಂದರೂ ದೊಡ್ಡಮ್ಮನಿಗೆ ಪೂರ್ತಿ ಧೈರ್ಯವಿರಲಿಲ್ಲ. ಕಾಲೇಜೊಂದರಲ್ಲಿ ಕಂಪ್ಯೂಟರ್ ಜಾಲ ನೋಡಿಕೊಳ್ಳುವ ಅಕ್ಕನ ಮಗಳನ್ನು ಕರೆಸಿದರು.

“ಚಿಕ್ಕಮ್ಮ, ಮನೆಯೊಳಗೆ ಒಂದೊಂದು ಫೋನಿಗೂ ಒಂದೊಂದು ನಂಬರ್. ಅದು ಹೊರಗೆ ನಡೆಯಲ್ಲ. ನೀವೆಲ್ಲ ಬಳಸೋ ವೈಫೈ ಡಬ್ಬಿ, ಈ ರೌಟರ್, ಅದನ್ನ ತೆಗೆದು ತನ್ನ ವಿಳಾಸ ಹಾಕಿ ಕಳಿಸುತ್ತೆ.”

“ಮತ್ತೆ ಉತ್ತರ ಬಂದ್ರೆ ಯಾರದ್ದು ಅಂತ ಹೇಗೆ ಗೊತ್ತಾಗುತ್ತೆ?”

“ವಿಳಾಸದ ಜೊತೆ ಪೋರ್ಟ್ ಅಂತ ಇನ್ನೊಂದು ನಂಬರ್ ಇರುತ್ತೆ. ಅದನ್ನ ನೋಡಿ ಸರಿಯಾದ ಫೋನಿಗೆ ತಲುಪಿಸುತ್ತೆ.” ರೌಟರಿನ ವಿವರ ನೋಡುತ್ತಿದ್ದವಳು ತಟ್ಟನೆ ತಲೆಯೆತ್ತಿದಳು. “ಅಯ್ಯೋ, ನಿಮ್ಮ ರೌಟರಿಗೆ ಕೊಟ್ಟಿರೋದೂ ಒಳಗಿನ ನಂಬರೇ! ಕಂಪನಿಯವರು ಅವರ ಕಡೆ ಇನ್ನೊಂದ್ಸಲ ವಿಳಾಸ ಬದಲಾಯಿಸ್ತಿದಾರೆ. ಪೊಲೀಸರ ಹತ್ರ ಇರೋ ವಿಳಾಸ ಬೀದಿಗೆಲ್ಲ ಒಂದೇ ಇರ್ಬಹುದು! ಪೋರ್ಟ್ ನೋಡದೆ ಕಂಪನಿಯವರು ನಿಮ್ಮ ಮನೆ ತೋರಿಸಿರ್ಬೇಕು.”

ಇಬ್ಬರೂ ಆಗಲೇ ಠಾಣೆಗೆ ಹೋದರು. ಇನ್‌ಸ್ಪೆಕ್ಟರ್ ತಾಳ್ಮೆಯಿಂದ ಕೇಳಿಸಿಕೊಂಡು, ಸಂದೇಶ ಹೊರಟ ಹೊತ್ತನ್ನೂ ಪೋರ್ಟ್ ಸಂಖ್ಯೆಯನ್ನೂ ಸೇರಿಸಿ ಕಂಪನಿಯನ್ನು ಮತ್ತೆ ವಿಚಾರಿಸಿದರು.

ವಾರ ಕಳೆಯುವಷ್ಟರಲ್ಲಿ ಅವರೇ ಮನೆಗೆ ಬಂದರು. “ಹಿಂದಿನ ಓಣಿಯವನು ಕಣಮ್ಮ. ಒಪ್ಪಿಕೊಂಡಿದಾನೆ. ನಿಮಗೆ ಸುಮ್ನೆ ತೊಂದ್ರೆ ಆಯ್ತು.”

ದೊಡ್ಡಮ್ಮ ಬಾಗಿಲ ಚೌಕಟ್ಟು ಹಿಡಿದು ಹಾಗೇ ಮೆಟ್ಟಿಲ ಮೇಲೆ ಕುಳಿತರು. ಅಳು, ನಗು ಎರಡೂ ಒಟ್ಟಿಗೇ ಬಂದವು. ಬಡಗಿ ನೀರು ತಂದುಕೊಟ್ಟ.

ಸಂಜೆ ಗುಮಾಸ್ತ ಬಡಗಿಯ ಬಾಗಿಲು ತಟ್ಟಿದ. ಕ್ಷಮೆ ಕೇಳಲೆಂದು ಬಂದವನು ಅದನ್ನು ಬಿಟ್ಟು, “ಮೋಡ ಆಗಿದೆ, ನಿಮ್ಮ ಬಟ್ಟೆ ಹೊರಗಿದೆ” ಎಂದ.

“ಬಂದೆ ಇರಿ” ಎಂದ ಬಡಗಿ. ಇಬ್ಬರೂ ತಾರಸಿ ಹತ್ತಿದರು.