ಗೂಡ್ಸ್ ನಿಂತಾಗ ಮಗು ಕೊಡದ ಜೈಲರಮ್ಮ

ನಿಂತಿರುವ ಗೂಡ್ಸ್ ರೈಲು ಯಾರಿಗೂ ಹೇಳಿ ಹೊರಡುವುದಿಲ್ಲ. ಎಂಜಿನ್ ಎಲ್ಲೋ ದೂರದ ತಿರುವಿನಾಚೆ ಇರುತ್ತದೆ, ಅದರ ಸದ್ದು ಬಾಲದ ತುದಿಗೆ ಕೇಳಿಸುವುದಿಲ್ಲ. ಬೋಗಿಗೆ ಬೋಗಿ ಗುದ್ದಿದ ಶಬ್ದ ಕಿವಿಗೆ ಬೀಳುವ ಹೊತ್ತಿಗೆ ಚಕ್ರ ಉರುಳಿ ಆಗಿರುತ್ತದೆ. ಇದು ನಿಮಗೆ ಗೊತ್ತಿರಬೇಕಾಗಿತ್ತು. ಗೊತ್ತಿಲ್ಲದಿದ್ದರೆ ಕಾರಣ ಒಂದೇ: ನಿಮಗೆ ಕಾರಿದೆ, ನೀವು ರಿಂಗ್ ರಸ್ತೆ ಸುತ್ತಿಕೊಂಡು ಬರುತ್ತೀರಿ.

ಸುತ್ತಿಕೊಂಡು ಬರಲಾಗದ ಹೆಂಗಸರಿದ್ದಾರೆ. ಹಳಿಯ ಆಚೆ ಬದಿಯ ಗಾರ್ಮೆಂಟ್ಸ್ ಕಾರ್ಖಾನೆಯಲ್ಲಿ ಹೊಲಿಯುತ್ತಾರೆ, ಈಚೆ ಬದಿಯ ಗಲ್ಲಿಗಳಲ್ಲಿ ಬಾಡಿಗೆಗಿದ್ದಾರೆ. ಅವರು ಕೆಲಸ ಮುಗಿಸಿ ಬರುವವರೆಗೆ ಅವರ ಮಕ್ಕಳನ್ನು ನೋಡಿಕೊಳ್ಳುವವಳು ಜೈಲರಮ್ಮ. ಹೆತ್ತವರಿಟ್ಟ ಹೆಸರು ಬೇರೆ ಇದೆ, ಈಗ ಅದು ಗಂಡನ ಬಾಯಿಗೂ ಬರುವುದಿಲ್ಲ.

ಆಕೆಯ ಯೌವನವೂ ಅದೇ ಕಾರ್ಖಾನೆಯಲ್ಲಿ ಕಾಲರ್ ಕೂರಿಸುತ್ತಾ ಕಳೆಯಿತು. ಕಣ್ಣು ಮಂಜಾಯಿತು. ಒಂದು ದಿನ ಸೂಜಿ ಬಟ್ಟೆಯ ಬದಲು ಬೆರಳಿಗೆ ಇಳಿಯಿತು. ಸೂಪರ್‌ವೈಸರ್ ಬಹಳ ಮರ್ಯಾದೆಯಿಂದ ಮನೆಯ ದಾರಿ ತೋರಿಸಿದ. ಮನೆಯಲ್ಲಿ ಕೂತ ಮೊದಲ ವಾರವೇ ಪಕ್ಕದ ಮನೆಯವಳು, ಅಕ್ಕ ಹೇಗೂ ಸುಮ್ನೆ ಕೂತಿದ್ದೀಯಲ್ಲ ಎಂದು ಕೂಸನ್ನು ತಂದು ಮಡಿಲಿಗೆ ಹಾಕಿ ಶಿಫ್ಟಿಗೆ ಓಡಿದಳು. ಆಕೆ ಸುಮ್ಮನೆ ಕೂತಿದ್ದು ಅಷ್ಟು ದಿನ ಮಾತ್ರ. ವರ್ಷ ಕಳೆಯುವುದರೊಳಗೆ ಮುಂದಿನ ಎರಡು ಕೋಣೆಗಳ ತುಂಬ ಮಕ್ಕಳು.

ಗಂಡ ಗೋಡೆಗೆ ಬಣ್ಣ ಹೊಡೆಯುವವನು. ಊರವರ ಮನೆಗಳಲ್ಲಿ ಡಬ್ಬದ ತಳದಲ್ಲಿ ಉಳಿದದ್ದನ್ನೆಲ್ಲ ತಂದು ಬಳಿದದ್ದರಿಂದ ಆ ಮನೆಯ ಒಂದು ಗೋಡೆಗೂ ಇನ್ನೊಂದು ಗೋಡೆಗೂ ಸಂಬಂಧವಿಲ್ಲ. ಅದೂ ಉಪಯೋಗಕ್ಕೆ ಬಂತು. ಹಸಿರು ಗೋಡೆಯ ಪಕ್ಕ ಮಲಗುವವರು, ಹಳದಿ ಗೋಡೆಯ ಪಕ್ಕ ಉಣ್ಣುವವರು, ಮೂಲೆಯ ಕೆಂಪು ಗೋಡೆಯ ಪಕ್ಕ ಈಗಷ್ಟೇ ಯಾರನ್ನೋ ಕಚ್ಚಿದವರು. ಲೋಟದ ಹಿಡಿಗೆ ಒಬ್ಬೊಬ್ಬರದೂ ಒಂದೊಂದು ಬಣ್ಣದ ದಾರ. ಬೀದಿಯ ಕಡೆಗೆ ಎರಡು ತುಂಡಿನ ಬಾಗಿಲು: ಮೇಲಿನದು ಗಾಳಿಗೆ ತೆರೆದಿರುತ್ತದೆ, ಕೆಳಗಿನದು ಮಕ್ಕಳಿಗೆ ಅಡ್ಡ. ಸಂಜೆ ಅದರ ಮೇಲಿಂದಲೇ ಮಗುವನ್ನು ಎತ್ತಿ ತಾಯಿಯ ಕೈಗೆ ಕೊಡುತ್ತಾಳೆ.

ಆಗೆಲ್ಲ ರೈಲು ಹೀಗಿರಲಿಲ್ಲ. ಗೇಟು ಬೀಳುತ್ತಿತ್ತು, ಒಂದು ಗಾಡಿ ಹೋಗುತ್ತಿತ್ತು, ಗೇಟು ಏಳುತ್ತಿತ್ತು. ಬಂದರಿಗೆ ಹೊಸ ಮಾರ್ಗ ಸೇರಿದ್ದೇ ಸೇರಿದ್ದು, ಗೂಡ್ಸಿನ ಹಿಂದೆ ಗೂಡ್ಸ್. ಅದೂ ಎರಡು ಗಾಡಿ ಸೇರಿಸಿ ಒಂದು ಮಾಡಿದ ಉದ್ದ. ಸ್ಟೇಷನ್ನಿನ ಪಕ್ಕದ ಹಳಿಯಲ್ಲಿ ಅದು ಹಿಡಿಸುವುದಿಲ್ಲ. ತಲೆ ಅಲ್ಲಿ ನಿಂತರೆ ಬಾಲ ಗೇಟಿನ ಮೇಲೆ. ಮುಂದೆ ಸಿಗ್ನಲ್ ಸಿಗುವವರೆಗೆ ಊರು ಎರಡು ಹೋಳು. ಸಂಜೆ ಶಿಫ್ಟು ಬಿಟ್ಟ ಹೆಂಗಸರು ಏನು ಮಾಡಬೇಕು? ಬಗ್ಗಿ ಬೋಗಿಯ ಕೆಳಗೆ ತೂರಿಕೊಂಡು ಬರತೊಡಗಿದರು.

ಜೈಲರಮ್ಮನಿಗೆ ಅದು ಗೊತ್ತಾದದ್ದು ಮಕ್ಕಳ ಆಟದಿಂದ. ಒಂದು ಮಧ್ಯಾಹ್ನ ಹಳದಿ ಗೋಡೆಯ ಕಡೆ ಸದ್ದೇ ಇಲ್ಲ. ಮಕ್ಕಳಿರುವಲ್ಲಿ ಸದ್ದಿಲ್ಲ ಎಂದರೆ ಏನೋ ಕಾದಿದೆ ಎಂದೇ ಅರ್ಥ. ಹೋಗಿ ನೋಡಿದರೆ ಮಣೆ, ಸ್ಟೂಲುಗಳನ್ನೆಲ್ಲ ಸಾಲಾಗಿ ಜೋಡಿಸಿದ್ದಾರೆ. ಒಬ್ಬೊಬ್ಬರಾಗಿ ಅದರ ಕೆಳಗೆ ತೂರುತ್ತಿದ್ದಾರೆ. ಕಾರ್ಖಾನೆಯಲ್ಲಿ ಈಗ ಕಾಲರ್ ಕೂರಿಸುವವಳ ಮಗಳು, ಇನ್ನೂ ಮಾತು ತೊದಲುವ ಮಗು, ಉಳಿದವರಿಗೆ ಪಾಠ ಹೇಳುತ್ತಿತ್ತು.

"ಮೊದ್ಲು ಚೀಲ ಎಸೀಬೇಕು. ಆಮೇಲೆ ತಲೆ. ಬೇಗ ಬೇಗ. ಅಮ್ಮ ಹಂಗೇ ಬರೋದು."

ಜೈಲರಮ್ಮ ಎಷ್ಟೋ ಮಕ್ಕಳ ಹೇಲು ಉಚ್ಚೆ ಬಾಚಿದ ಹೆಂಗಸು, ಯಾವುದಕ್ಕೂ ಮುಖ ತಿರುಗಿಸಿದವಳಲ್ಲ. ಅವತ್ತು ಮಾತ್ರ ಸ್ಟೂಲುಗಳನ್ನು ಎತ್ತಿಡಲು ಕೈ ಬರಲಿಲ್ಲ ಎಂದು ಗಂಡ ಹೇಳುತ್ತಾನೆ. ಬೆಳಿಗ್ಗೆ ಮಗುವನ್ನು ಬಿಟ್ಟುಹೋದ ತಾಯಿಯೇ ಸಂಜೆ ಬರಬೇಕು. ಆಕೆಗೆ ಬೇಕಾಗಿದ್ದು ಅಷ್ಟೇ.

ಆ ಸಂಜೆ ಕಾಲರ್‌ನವಳು ಏದುಸಿರು ಬಿಡುತ್ತಾ ಬಂದು ಅರ್ಧ ಬಾಗಿಲಿನ ಮೇಲೆ ಕೈ ಚಾಚಿದಳು. ಜೈಲರಮ್ಮ ಬೆನ್ನು ತಿರುಗಿಸು ಅಂದಳು. ತಿರುಗಿಸಿದರೆ ಭುಜದಿಂದ ಸೊಂಟದವರೆಗೆ ಗ್ರೀಸಿನ ಕರಿ.

"ಗೂಡ್ಸ್ ಹೋಗ್ಲಿ, ಆಮೇಲೆ ಮಗು ಕೊಡ್ತೀನಿ. ಅಲ್ಲೀತನಕ ಮೆಟ್ಟಿಲ ಮೇಲೆ ಕೂತ್ಕೋ."

"ಹೆತ್ತಿದ್ದು ನಾನಾ, ನೀನಾ?"

"ನೀನೇ ಕಣೇ ಹೆತ್ತಿದ್ದು. ನಾಳೆ ನೀನು ಹೋದ್ರೆ ಸಾಕಬೇಕಾದವಳು ನಾನು. ನನ್ನ ಮಂಡಿ ನೋಡಿದ್ದೀಯಾ?"

ಕಾಲರ್‌ನವಳು ನಗಲಿಲ್ಲ. ಮೆಟ್ಟಿಲ ಮೇಲೆ ಕೂತು ಸಿಟ್ಟಿನಿಂದ ಅತ್ತಳು. ಒಳಗೆ ಮಗು ಅತ್ತಿತು. ಜೈಲರಮ್ಮ ಚಿಲಕದ ಮೇಲೆ ಕೈಯಿಟ್ಟುಕೊಂಡು ನಿಂತೇ ಇದ್ದಳು. ಆ ಹೆಸರು ಬಿದ್ದದ್ದು ಅವತ್ತೇ.

ಬೇರೆಯವರ ಮಗುವನ್ನು ಹಿಡಿದಿಟ್ಟುಕೊಳ್ಳುವ ಹಕ್ಕು ಆಕೆಗಿರಲಿಲ್ಲ. ಅದು ಆಕೆಗೂ ಗೊತ್ತಿತ್ತು. ಆದರೂ ದಿನಾ ಸಂಜೆ ಬೆನ್ನು ನೋಡಿದಳು. ಕೆಲವರು ಬೈದುಕೊಂಡು ಕಾದು ಬಂದರು. ಕೆಲವರು ಚೀಲದಲ್ಲಿ ಬೇರೆ ಬಟ್ಟೆ ಇಟ್ಟುಕೊಂಡು ಬಂದು ಸಿಕ್ಕಿಬಿದ್ದರು. ಇನ್ನು ಕೆಲವರು ಮಕ್ಕಳನ್ನು ಬಿಡಿಸಿಕೊಂಡು ಸಂತೆ ಬೀದಿಯ ಇನ್ನೊಬ್ಬಳ ಮನೆಗೆ ಸೇರಿಸಿದರು. ಲೋಟಗಳ ಸಾಲು ತೆಳ್ಳಗಾಯಿತು. ಜೈಲಿನಲ್ಲಿ ಕೈದಿಗಳು ಕಮ್ಮಿ ಆಗ್ತಿದ್ದಾರಲ್ಲ ಸಾಹೇಬ್ರೇ ಎಂದು ಗಂಡ ತಮಾಷೆ ಮಾಡಿದ, ಅವತ್ತು ಅವನಿಗೆ ಸಾರಿನಲ್ಲಿ ಉಪ್ಪು ಸಿಗಲಿಲ್ಲ.

ಈಗ ದೊಡ್ಡವರ ಕಥೆಗೆ ಬರೋಣ. ಹಳಿಯ ಆಚೆ ಒಂದು ಪುರಸಭೆ, ಈಚೆ ಇನ್ನೊಂದು. ಮೇಲ್ಸೇತುವೆಯ ಮಾತು ಬಂದಾಗಲೆಲ್ಲ ಎತ್ತು ಏರಿಗೆ, ಕೋಣ ನೀರಿಗೆ. ಕಾರ್ಖಾನೆಯ ತೆರಿಗೆ ತಿನ್ನುವವರು ನೀವು, ನೀವೇ ಕಟ್ಟಿ ಎಂದು ಈಚೆಯವರು. ದಾಟುವ ಜನ ನಿಮ್ಮವರು, ನೀವೇ ಕಟ್ಟಿ ಎಂದು ಆಚೆಯವರು. ಗೇಟು ಮಾತ್ರ ನಮ್ಮದು, ರಸ್ತೆ ನಮ್ಮದಲ್ಲ ಎಂದು ರೈಲ್ವೆಯವರು. ಇವರೆಲ್ಲರಿಗಿಂತ ಗಟ್ಟಿಯಾಗಿ ಬೇಡ ಎಂದದ್ದು ಈಚೆ ಬದಿಯ ಹೊಸ ಬಡಾವಣೆಯ ನಿವಾಸಿಗಳ ಸಂಘ. ನಾವು ಆ ಗೇಟು ದಾಟುವುದೇ ಇಲ್ಲ, ನಮ್ಮ ಮೇಲೆ ಯಾಕೆ ಹೊರೆ? ಸೇತುವೆ ಬಂದರೆ ಲಾರಿಗಳು ನಮ್ಮ ಮನೆ ಮುಂದೆ ಇಳಿಯುತ್ತವೆ. ಗೇಟು ದಾಟುವುದಿಲ್ಲವಂತೆ. ಅವರು ತೊಟ್ಟ ಅಂಗಿಯ ಕಾಲರ್ ದಾಟಿಯೇ ಬಂದಿತ್ತು, ಅದನ್ನು ಯಾರೂ ಕೇಳಲಿಲ್ಲ.

ಸಂಘದ ಅಧ್ಯಕ್ಷರು ಬ್ಯಾಂಕ್ ಮ್ಯಾನೇಜರ್ ಆಗಿ ನಿವೃತ್ತರಾದವರು, ಕೆಟ್ಟವರಲ್ಲ, ಶಿಸ್ತಿನ ಮನುಷ್ಯ. ಜೈಲರಮ್ಮನ ಸುದ್ದಿ ಅವರ ಕಿವಿಗೆ ಬಿತ್ತು. ಹಾಲು ಕುಡಿದಷ್ಟು ಸಂತೋಷವಾಯಿತು. ಎರಡು ಪುರಸಭೆಗಳೂ ಸೇರಿ ಶಾಲೆಯ ಸಭಾಂಗಣದಲ್ಲಿ ಕರೆದಿದ್ದ ಸಭೆಯಲ್ಲಿ ಎದ್ದು ನಿಂತು, ಬೇಕಾಗಿರುವುದು ಸೇತುವೆಯಲ್ಲ ಶಿಸ್ತು, ಅದನ್ನು ಒಬ್ಬ ಸಾಮಾನ್ಯ ಹೆಣ್ಣುಮಗಳು ತೋರಿಸಿಕೊಟ್ಟಿದ್ದಾಳೆ ಎಂದು ಭಾಷಣ ಮಾಡಿದರು. ಆಕೆಯನ್ನು ವೇದಿಕೆಗೆ ಕರೆದು ಹೂಗುಚ್ಛ ಕೊಟ್ಟರು. ಹಿಂದಿನ ಬೆಂಚುಗಳಲ್ಲಿ ಕೂತಿದ್ದ ತಾಯಂದಿರು ಆಕೆಯನ್ನು ನೋಡಿದ ನೋಟವೇ ನೋಟ. ಮಾರಿಕೊಂಡುಬಿಟ್ಟಳಲ್ಲ ಎಂದು ಕಾಲರ್‌ನವಳು ಪಕ್ಕದವಳಿಗೆ ಕೇಳುವ ಹಾಗೇ ಅಂದಳು.

ಜೈಲರಮ್ಮ ಹೂಗುಚ್ಛವನ್ನು ಮೇಜಿನ ಮೇಲಿಟ್ಟಳು. ಮೈಕಿನ ಮುಂದೆ ನಿಂತು ಆಕೆಗೆ ಅಭ್ಯಾಸವಿಲ್ಲ. ದೂರ ನಿಂತೇ ಮಾತಾಡಿದಳು, ಮಕ್ಕಳನ್ನು ಕೂಗಿ ಕೂಗಿ ದೊಡ್ಡದಾದ ಗಂಟಲು, ಕೊನೆಯ ಬೆಂಚಿಗೂ ಕೇಳಿಸಿತು.

"ಸಾರ್, ಮಗೂನ ತೋರಿಸಿ ತಾಯೀನ ಹೆದರಿಸ್ತಿದ್ದೀನಿ ನಾನು. ಬೇರೆ ದಾರಿ ತಿಳೀಲಿಲ್ಲ. ಇದು ಹೊಗಳೋ ಕೆಲಸ ಅಲ್ಲ. ನಾಳೆಯಿಂದ ನಾನು ಬೆನ್ನು ನೋಡಲ್ಲ. ಶಿಸ್ತು ಸಾಕು ಅಂತೀರಲ್ಲ, ನೀವೇ ಹಳಿ ಹತ್ರ ನಿಂತು ಇವರನ್ನ ತಡೀರಿ. ಒಂದೇ ಒಂದು ಸಂಜೆ."

ಸಭೆಯಲ್ಲಿ ನಗು ಎದ್ದಿತು. ಅಧ್ಯಕ್ಷರಿಗೆ ಮುಖಭಂಗ. ಹೂಂ ಅನ್ನದೆ ವಿಧಿಯಿರಲಿಲ್ಲ.

ಮರುದಿನ ಸಂಜೆ ಕಾರಿನಲ್ಲಿ ರಿಂಗ್ ರಸ್ತೆ ಸುತ್ತಿ ಕಾರ್ಖಾನೆಯ ಬದಿಗೆ ಬಂದರು. ಕೊರಳಲ್ಲಿ ಮೊಮ್ಮಗನ ಸೀಟಿ. ಗೂಡ್ಸ್ ಆಗಲೇ ನಿಂತಿತ್ತು. ಶಿಫ್ಟು ಬಿಟ್ಟಿತು, ಹೆಂಗಸರು ಬಂದರು, ಇವರು ಸೀಟಿ ಊದಿದರು, ಅವರು ನಿಂತರು. ಸ್ವಲ್ಪ ಹೊತ್ತು ಎಲ್ಲವೂ ಚೆನ್ನಾಗಿತ್ತು. ಹೊತ್ತು ಕಳೆಯಿತು. ರೈಲು ಅಲ್ಲಾಡಲಿಲ್ಲ. ಅಧ್ಯಕ್ಷರು ಸ್ಟೇಷನ್ನಿಗೆ ಫೋನ್ ಮಾಡಿದರು. ಸಿಗ್ನಲ್ ಸಿಕ್ಕಿಲ್ಲ ಸಾರ್ ಅಂದರು. ಯಾವಾಗ ಸಿಗುತ್ತೆ ಎಂದರೆ ಗೊತ್ತಿಲ್ಲ ಸಾರ್ ಅಂದರು. ಬ್ಯಾಂಕಿನಲ್ಲಿ ಇವರೇ ಎಷ್ಟೋ ಜನರಿಗೆ ಹಾಗೆ ಹೇಳಿದ್ದಿರಬೇಕು, ಕೇಳಿಸಿಕೊಂಡದ್ದು ಮೊದಲ ಸಲ.

ಆಗ ಕಾಲರ್‌ನವಳು ಹತ್ತಿರ ಬಂದಳು.

"ಸಾರ್, ನನ್ನ ಮಗೂಗೆ ಬೆಳಿಗ್ಗೆಯಿಂದ ಜ್ವರ. ಹೋಗ್ಲಾ, ಇಲ್ಲೇ ಇರ್ಲಾ? ನೀವೇ ಹೇಳಿ. ನಿಮ್ಮ ಮಾತು ಮೀರಲ್ಲ."

ಅಧ್ಯಕ್ಷರು ಏನು ಹೇಳುವುದೆಂದು ಯೋಚಿಸುತ್ತಿದ್ದ ಹಾಗೆಯೇ ದೂರದಿಂದ ಗುದ್ದಿನ ಸದ್ದು ಓಡಿಬಂದು ಕಣ್ಣೆದುರಿನ ಬೋಗಿ ಧಡಕ್ಕನೆ ಮುಂದೆ ಸರಿಯಿತು. ಅವಳು ತೂರಲು ನೋಡಿಟ್ಟುಕೊಂಡಿದ್ದ ಜಾಗದ ಮೇಲೆ ಚಕ್ರ ಹರಿಯಿತು. ಅಧ್ಯಕ್ಷರು ಅವಳ ಮಣಿಕಟ್ಟು ಹಿಡಿದುಕೊಂಡಿದ್ದರು, ಯಾವಾಗ ಹಿಡಿದರೋ ಅವರಿಗೇ ಗೊತ್ತಿಲ್ಲ. ಕೊನೆಯ ಬೋಗಿ ದಾಟುವವರೆಗೂ ಬಿಡಲಿಲ್ಲ.

ಗೇಟು ಎದ್ದ ಮೇಲೆ ಕಾರನ್ನು ಅಲ್ಲೇ ಬಿಟ್ಟು ಹೆಂಗಸರ ಜೊತೆ ನಡೆದು ಬಂದರು. ಜೈಲರಮ್ಮ ಕಾಲರ್‌ನವಳಿಗೆ ಮಗುವನ್ನು ಎತ್ತಿಕೊಟ್ಟಳು, ಈಗಷ್ಟೇ ಮೈ ಬೆವೆತಿದೆ, ಬಿಸಿನೀರು ಕುಡಿಸು ಅಂದಳು. ಅಧ್ಯಕ್ಷರು ಕುಡಿಯಲು ನೀರು ಕೇಳಿದರು. ಗುಲಾಬಿ ದಾರದ ಲೋಟದಲ್ಲಿ ಸಿಕ್ಕಿತು.

"ಒಂದು ಸಂಜೆಗೇ ಸಾಕಾಯ್ತಮ್ಮ" ಅಂದರು.

"ಅವರಿಗೂ ಸಾಕಾಗಿದೆ ಸಾರ್."

ಮುಂದಿನ ವಾರ ಸಂಘದ ತಕರಾರು ವಾಪಸಾಯಿತು, ಲಾರಿಗಳನ್ನು ಶಾಲೆಯ ಬೀದಿಗೆ ಬಿಡಬಾರದು ಎಂಬ ಷರತ್ತಿನೊಂದಿಗೆ. ನ್ಯಾಯವಾದ ಷರತ್ತೇ. ಅವರು ಹಿಂದೆ ಸರಿದದ್ದು ಕಂಡು ಪುರಸಭೆಗಳಿಗೆ ಅಡಗಿಕೊಳ್ಳಲು ಇನ್ನೊಬ್ಬರ ಬೆನ್ನು ಇಲ್ಲದಾಯಿತು. ಶಿಫ್ಟು ಬಿಡುವ ಹೊತ್ತಿನಲ್ಲಿ ಗೂಡ್ಸನ್ನು ಗೇಟಿನ ಹಿಂದೆಯೇ ನಿಲ್ಲಿಸಲು ರೈಲ್ವೆಯವರು ಒಪ್ಪಿದ್ದಾರೆ, ಹೆಚ್ಚುಕಮ್ಮಿ ಪಾಲಿಸುತ್ತಲೂ ಇದ್ದಾರೆ. ನಡೆದು ದಾಟುವವರಿಗೆ ಇಳಿಜಾರಿನ ಕಾಲುಸೇತುವೆ ಮೊದಲು, ದೊಡ್ಡ ಮೇಲ್ಸೇತುವೆ ಆಮೇಲೆ ಎಂದು ತೀರ್ಮಾನವಾಗಿದೆ. ಕಂಬ ನಿಲ್ಲುವ ಕಡೆ ಸುಣ್ಣದ ಗುರುತು ಬಿದ್ದಿದೆ. ಬಿಟ್ಟುಹೋದ ಮಕ್ಕಳಲ್ಲಿ ಹೆಚ್ಚಿನವರು ಹಳದಿ ಗೋಡೆಗೆ ಮರಳಿದ್ದಾರೆ. ಒಬ್ಬ ತಾಯಿ ಮಾತ್ರ ಈಗಲೂ ಜೈಲರಮ್ಮ ಎದುರಾದರೆ ಮುಖ ತಿರುಗಿಸುತ್ತಾಳೆ. ತಿರುಗಿಸಲಿ, ಇದ್ದಾಳಲ್ಲ ಎನ್ನುತ್ತಾಳೆ ಈಕೆ.

ಇನ್ನು ಉಳಿದಿರುವವರು ನೀವು. ಸೇತುವೆಯ ಖರ್ಚಿನಲ್ಲಿ ಊರಿನ ಪಾಲು ಎತ್ತಲು ಮನೆಮನೆಯ ಒಪ್ಪಿಗೆ ಬೇಕು. ಅದನ್ನು ಕೇಳಿಕೊಂಡು ಹೆಂಗಸರು ರಜಾದಿನಗಳಲ್ಲಿ ಬೀದಿ ಬೀದಿ ಸುತ್ತುತ್ತಿದ್ದಾರೆ. ಆಮೇಲೆ ಬನ್ನಿ, ಯಜಮಾನರಿಲ್ಲ, ನೋಡೋಣ ಎಂದು ನೀವು ಕಳಿಸುತ್ತಿದ್ದೀರಿ. ನೋಡುವುದಕ್ಕೇನೂ ಉಳಿದಿಲ್ಲ. ಈ ಭಾನುವಾರ ಅವರು ಮತ್ತೆ ನಿಮ್ಮ ಗೇಟಿಗೆ ಬರುತ್ತಾರೆ. ಹೊರಗೆ ಬನ್ನಿ, ಅವರ ಮುಖ ನೋಡಿ, ಸಹಿ ಹಾಕಿ.