ತಾಗಿತಾ, ತಾಗಿಸಿದ್ಯಾ?

ನಮ್ಮ ಲಾರಿ ಕಂಪನಿಯಲ್ಲಿ ಆಕೆಯನ್ನು ಎಲ್ಲರೂ ಕರೆಯುವುದು ತಕರಾರಮ್ಮ ಎಂದೇ. ಎದುರಿಗೆ ಮಾತ್ರ ಮೇಡಂ. ಹೊಸ ಡ್ರೈವರ್ ಬಂದರೆ ಅವನ ಲೈಸೆನ್ಸು, ಕೇಸು, ಹಿಂದೆ ಕೆಲಸ ಮಾಡಿದ ಕಡೆ ನಡೆದುಕೊಂಡ ರೀತಿ ಎಲ್ಲವನ್ನೂ ಕೆದಕಿ, ಅರ್ಜಿಯ ಮೂಲೆಯಲ್ಲಿ ಸಹಿ ಹಾಕುವುದು ಆಕೆಯ ಕೆಲಸ. ಹಾಕದಿರುವುದು ಅಂದರೂ ಸರಿಯೇ. ಲೋಡು ಕಳಿಸುವವನು ನಾನು. ಅಂಗಳದಲ್ಲಿ ಆರು ಲಾರಿ ಸರಕು ತುಂಬಿಕೊಂಡು ನಿಂತಿರುತ್ತವೆ, ಗಿರಾಕಿಗಳು ಫೋನಿನಲ್ಲಿ ನನ್ನ ಜನ್ಮ ಜಾಲಾಡುತ್ತಿರುತ್ತಾರೆ. ಈಕೆ ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿಕೊಂಡು ಎಂಟು ವರ್ಷದ ಹಿಂದಿನ ಯಾವನೋ ಮಾಲೀಕನ ನಂಬರ್ ಒತ್ತುತ್ತಾ ಕೂತಿರುತ್ತಾರೆ. ಹನ್ನೊಂದು ವರ್ಷ ಎದುರು ಮೇಜಿನಲ್ಲಿ ಕೂತು ಇದನ್ನು ನೋಡಿದ್ದೇನೆ. ನನ್ನ ಬಿಪಿ ಮಾತ್ರೆಗಳಲ್ಲಿ ಅರ್ಧ ಆಕೆಯ ಕೃಪೆ.

ಇಲ್ಲಿಗೆ ಬರುವ ಮೊದಲು ಆಕೆ ಶಾಲೆಯಲ್ಲಿ ವ್ಯಾಕರಣ ಕಲಿಸುತ್ತಿದ್ದರಂತೆ. ಶಾಲೆ ಮುಚ್ಚಿತು, ಚಟ ಹೋಗಲಿಲ್ಲ. ಅಪಘಾತದ ಮಾತು ಬಂದಾಗ ಡ್ರೈವರುಗಳು "ನಾನು ಗುದ್ದಿದೆ" ಅನ್ನುವುದು ಕಡಿಮೆ. "ತಾಗಿತು" ಅನ್ನುತ್ತಾರೆ. ಗೇಟೇ ಬಿದ್ದಿರಲಿ, ಕಾರು ನಜ್ಜುಗುಜ್ಜಾಗಿರಲಿ, ತಾಗಿತು ಅಷ್ಟೇ. ಲಾರಿ ತಾನಾಗಿ ಹೋಗಿತ್ತು, ಇವನು ಒಳಗೆ ಸುಮ್ಮನೆ ಕೂತಿದ್ದ. ಆಗ ತಕರಾರಮ್ಮ ಪೆನ್ನು ಕೆಳಗಿಟ್ಟು ಕೇಳುತ್ತಾರೆ: "ತಾಗಿತಾ, ತಾಗಿಸಿದ್ಯಾ?"

"ತಾಗಿಸಿದೆ" ಎಂದು ಒಪ್ಪಿಕೊಂಡವನಿಗೆ ಹಳೆಯ ಡ್ರೈವರ್ ಜೊತೆ ಆರು ತಿಂಗಳು ಓಡಿಸಬೇಕೆಂಬ ಷರತ್ತು ಹಾಕಿ ಸಹಿ ಮಾಡಿಬಿಡುತ್ತಾರೆ. "ತಾಗಿತು" ಎಂದೇ ಹಟ ಹಿಡಿದವನ ಅರ್ಜಿ ವಾಪಸ್. ಇಪ್ಪತ್ತು ವರ್ಷ ಓಡಿಸಿದ ಅನುಭವ ಇದ್ದವನನ್ನೂ ಒಂದು ಕ್ರಿಯಾಪದಕ್ಕಾಗಿ ಮನೆಗೆ ಕಳಿಸಿದ್ದಾರೆ. ಅವತ್ತು ನಾನು ತಲೆ ಚಚ್ಚಿಕೊಂಡೆ.

ಹೋದ ತಿಂಗಳು ನನ್ನ ಹೆಂಡತಿಯ ತಮ್ಮನ ಸರದಿ ಬಂತು. ಎಂಟು ತಿಂಗಳಿಂದ ಅವನಿಗೆ ಕೆಲಸವಿಲ್ಲ, ಮನೆಯಲ್ಲಿ ಎರಡು ಸಣ್ಣ ಮಕ್ಕಳು.

"ಡ್ರೈವರ್ ಇಲ್ದೆ ಲಾರಿ ನಿಂತಿವೆ ಅಂತ ದಿನಾ ಗೊಣಗ್ತೀರಲ್ಲ, ನನ್ನ ತಮ್ಮನ್ನ ಹತ್ತಿಸೋಕೆ ಏನಡ್ಡಿ?" ಎಂದು ಹೆಂಡತಿ ತಲೆ ತಿಂದಳು.

ಅವನ ಅಕ್ಷರ ಕೋಳಿ ಕೆದರಿದ ಹಾಗೆ, ಅದಕ್ಕೆ ಅರ್ಜಿಯನ್ನು ನಾನೇ ತುಂಬಿದೆ. ಅವನು ಓದದೆ ಸಹಿ ಹಾಕಿದ. ಲೈಸೆನ್ಸಿನ ದಾಖಲೆಯಲ್ಲಿ ಒಂದು ಚುಕ್ಕೆಯೂ ಇರಲಿಲ್ಲ. ಆದರೆ ಮೂರು ವರ್ಷದ ಹಿಂದೆ, ಹಳೆಯ ಕಂಪನಿಯ ಗೋದಾಮಿನಲ್ಲಿ, ಅವನು ಲಾರಿ ರಿವರ್ಸ್ ತೆಗೆಯುವಾಗ ಒಬ್ಬ ಹಮಾಲನ ಕಾಲು ಮುರಿದಿತ್ತು. ಗೇಟಿನ ಒಳಗೇ ಆದದ್ದರಿಂದ ಕೇಸು ಆಗಿರಲಿಲ್ಲ. ನನಗೆ ಗೊತ್ತಿತ್ತು. "ಹಿಂದಿನ ಅಪಘಾತಗಳು" ಎಂಬ ಕಾಲಮ್ಮಿನ ಮುಂದೆ ಪೆನ್ನು ಸ್ವಲ್ಪ ಹೊತ್ತು ನಿಂತಿತು. ಆಮೇಲೆ ಮುಂದಕ್ಕೆ ಹೋಯಿತು.

ತಕರಾರಮ್ಮ ಆ ಕಂಪನಿಗೆ ಫೋನ್ ಮಾಡಿದರು. ಯಾರೂ ಎತ್ತಲಿಲ್ಲ. ಮರುದಿನವೂ ಮಾಡಿದರು, ಅದರ ಮರುದಿನವೂ. ಐದನೇ ದಿನ ನಾನು ರೇಗಿದೆ.

"ದಾಖಲೆ ಕ್ಲೀನಾಗಿದೆ ಮೇಡಂ. ನನ್ನ ಭಾಮೈದ ಅಂತ ಹೇಳ್ತಿದೀನಿ. ಇನ್ನೇನು ಬೇಕು ನಿಮಗೆ?"

"ಒಂದು ಫೋನ್ ಬಾಕಿ ಇದೆ" ಎಂದರು, ತಲೆ ಎತ್ತದೆ.

ಆರನೇ ದಿನ ಆ ಗೋದಾಮಿನ ವಾಚ್‌ಮನ್ ಫೋನ್ ಎತ್ತಿಬಿಟ್ಟ. ಆಕೆ ಹತ್ತು ನಿಮಿಷ "ಹೂಂ, ಹೂಂ" ಎನ್ನುತ್ತಾ ಬರೆದುಕೊಂಡರು. ಮಧ್ಯಾಹ್ನ ಭಾಮೈದನನ್ನು ಕರೆಸಿದರು. ಅವನು "ತಾಗಿತು" ಅಂದರೆ ಮುಗಿಯಿತು ಎಂದು ನಾನು ಕುರ್ಚಿಯ ತುದಿಯಲ್ಲಿ ಕೂತಿದ್ದೆ.

"ಆ ಹಮಾಲನ ವಿಷಯ ಏನಪ್ಪಾ?"

"ನಾನೇ ತಾಗಿಸಿದ್ದು ಮೇಡಂ" ಎಂದ. "ಕನ್ನಡಿ ನೋಡ್ಲಿಲ್ಲ. ಆಸ್ಪತ್ರೆಗೂ ನಾನೇ ಎತ್ಕೊಂಡು ಹೋದೆ. ಭಾವನಿಗೆ ಎಲ್ಲಾ ಹೇಳಿದ್ದೆ, ಬರೆದಿರ್ತಾರೆ ಅಂದ್ಕೊಂಡಿದ್ದೆ."

ತಕರಾರಮ್ಮ ಅರ್ಜಿಯನ್ನು ನನ್ನ ಕಡೆ ತಿರುಗಿಸಿದರು. ಕಾಲಮ್ ಖಾಲಿ.

"ಬಿಟ್ಟುಹೋಯ್ತು ಮೇಡಂ" ಎಂದೆ.

ಆಕೆ ಪೆನ್ನು ಕೆಳಗಿಟ್ಟರು. "ಬಿಟ್ಟುಹೋಯ್ತಾ, ಬಿಟ್ರಾ?"

ಭಾಮೈದ ನನ್ನ ಮುಖವನ್ನೇ ನೋಡುತ್ತಿದ್ದ. "ಬಿಟ್ಟೆ" ಎಂದೆ.

"ಬರೆದಿದ್ದಿದ್ರೆ ನಾಳೆಯಿಂದಲೇ ಬರೋಕೆ ಹೇಳ್ತಿದ್ದೆ. ವಿಷಯ ಮುಚ್ಚಿಟ್ಟವರ ಅರ್ಜಿ ಒಂದು ವರ್ಷ ಮತ್ತೆ ತಗೊಳ್ಳೋ ಹಾಗಿಲ್ಲ. ತುಂಬಿದ್ದು ನೀವಾದ್ರೂ ಕೆಳಗಿರೋ ಸಹಿ ನಿಮ್ಮ ಭಾಮೈದನದು, ನಿಮ್ಮದಲ್ಲ." ಧ್ವನಿಯಲ್ಲಿ ಸಿಟ್ಟು ಇರಲಿಲ್ಲ. ಇದ್ದಿದ್ದರೆ ಜಗಳವಾದರೂ ಆಡಬಹುದಿತ್ತು. ಭಾಮೈದ ಇಬ್ಬರಿಗೂ ತಲೆ ಬಾಗಿಸಿ, ಲೈಸೆನ್ಸನ್ನು ಜೇಬಿಗಿಟ್ಟುಕೊಂಡು ಹೊರಟುಹೋದ. ಅಂಗಳದಲ್ಲಿ ಆರು ಲಾರಿಗಳು ನಿಂತೇ ಇದ್ದವು.

ಸಂಜೆ ಹೆಂಡತಿ ಬಾಗಿಲಲ್ಲೇ ಕಾಯುತ್ತಿದ್ದಳು. "ಏನಾಯ್ತು ಅವನ ಕೆಲಸ?"

"ತಪ್ಪಿಹೋಯ್ತು" ಎಂದೆ.

"ಅದೇ ತಕರಾರಮ್ಮ ತಾನೇ ತಪ್ಪಿಸಿದ್ದು?" ಎಂದಳು. ಆ ಹೆಸರನ್ನೂ, ಆಕೆಯನ್ನು ಬೈಯುವುದನ್ನೂ ಇವಳಿಗೆ ಹನ್ನೊಂದು ವರ್ಷ ಕಲಿಸಿದವನು ನಾನೇ. ಹೂಂ ಅಂದುಬಿಟ್ಟರೆ ರಾತ್ರಿ ಊಟ ನೆಮ್ಮದಿಯಾಗಿ ಆಗುತ್ತಿತ್ತು.

"ಅಲ್ಲ" ಎಂದೆ. "ನಾನು ತಪ್ಪಿಸಿದೆ."